ವಾರಕ್ಕೆ ಮೂವತ್ತು ಗಂಟೆ

ನಮ್ಮ ಬೆಟ್ಟದ ಜನಕ್ಕೆ ಒಂದು ಕಾಯಿಲೆ ಇದೆ. ಯಾವ ಮೆಡಿಕಲ್ ಕಾರ್ಡಿನಲ್ಲೂ ಅದಕ್ಕೆ ಮದ್ದಿಲ್ಲ. ಮನೆಗೆ ಯಾರೋ ಬರುತ್ತಾರೆ ಅಂದರೆ ಸಾಕು, ಸಾಯಲು ಮಲಗಿದವರೂ ಎದ್ದು ತಲೆ ಬಾಚಿಕೊಳ್ಳುತ್ತಾರೆ. ಬರುವವರು ಪಾದ್ರಿಯಾಗಿರಲಿ, ಕರೆಂಟಿನ ಮೀಟರು ನೋಡುವವನಾಗಿರಲಿ, ಭೇದವಿಲ್ಲ. ನೆಲ ಒರೆಸಿ, ಕೇಕು ಮಾಡಿ, ಮುರಿದ ಕುರ್ಚಿಯನ್ನು ಹಿತ್ತಲಿನ ಶೆಡ್ಡಿಗೆ ಸಾಗಿಸಿ, ಬಾಗಿಲಲ್ಲಿ ನಿಂತು ‘ನಮಗೇನಾಗಿದೆ, ಚೆನ್ನಾಗೇ ಇದ್ದೀವಿ’ ಅಂತ ನಗುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಾನೂ ಇದೇ ಕಣಿವೆಯಲ್ಲಿ ಹುಟ್ಟಿದವಳು, ನನಗೂ ಆ ರೋಗ ಅಂಟಿದೆ. ಹಾಗಾಗಿ ಬೈಯುವ ಹಕ್ಕೂ ನನಗಿದೆ.

ಆರ್ವಿಲ್ ಸ್ಟಿಡಮ್ ಕೆಟ್ಟದ್ದು ಇದೇ ರೋಗದಿಂದ.

ನಾನು ಕೆಲಸ ಮಾಡುವುದು ಬಡವರಿಗೆ ಪುಕ್ಕಟೆ ಕಾನೂನು ನೆರವು ಕೊಡುವ ಕಚೇರಿಯಲ್ಲಿ, ಪೇಟೆಯ ಹೂವಿನಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಹೆಚ್ಚಾಗಿ ಸಾವಿನ ಮನೆಗಳಿಗೆ ಹೂವು ಕಟ್ಟುತ್ತಾರೆ. ಮೇಲೆ ನಾವು, ಹೂವು ಕಟ್ಟುವ ದಿನವನ್ನು ಸ್ವಲ್ಪ ಮುಂದಕ್ಕೆ ಹಾಕಲು ಕಾಗದ ಬರೆಯುತ್ತೇವೆ. ಆರು ಜಿಲ್ಲೆಗೆ ಇಬ್ಬರು ವಕೀಲರು, ಜೊತೆಗೆ ನಾನು. ನಾನು ವಕೀಲಳಲ್ಲ. ಆದರೆ ಬಡವರ ಚಿಕಿತ್ಸೆಗೆಂದು ಸರ್ಕಾರ ಕೊಡುವ ಮೆಡಿಕಲ್ ಕಾರ್ಡಿನ ವಿಚಾರಣೆಗೆ ವಕೀಲರೇ ಬೇಕೆಂಬ ನಿಯಮವಿಲ್ಲ, ಆದ್ದರಿಂದ ಆ ಹೊರೆಯೆಲ್ಲ ಹದಿನಾಲ್ಕು ವರ್ಷದಿಂದ ನನ್ನ ತಲೆಯ ಮೇಲಿದೆ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಆರ್ವಿಲ್‌ನ ಹೆಂಡತಿ ಟ್ರೀವಾ ಮೆಟ್ಟಿಲು ಹತ್ತಿ ಬಂದಳು. ಶಾಲೆಯ ಅಡುಗೆಮನೆಯಲ್ಲಿ ಅವಳ ಕೆಲಸ. ತಲೆಗೆ ಹಾಕುವ ಬಲೆಯ ಗುರುತು ಹಣೆಯ ಮೇಲೆ ಇನ್ನೂ ಕೆಂಪಗಿತ್ತು. ಕೈಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟು, ಅದನ್ನು ಅಂಗೈಯಿಂದ ಎರಡು ಸಲ ಸವರಿದಳು.

ಆರ್ವಿಲ್‌ನನ್ನು ನಾನು ಚಿಕ್ಕಂದಿನಿಂದ ಬಲ್ಲೆ, ನನ್ನಪ್ಪನ ಜೊತೆ ಒಂದೇ ಕಲ್ಲಿದ್ದಲ ಗಣಿಗೆ ಇಳಿಯುತ್ತಿದ್ದವನು. ಆರು ವರ್ಷದ ಹಿಂದೆ ಗಣಿಯ ಚಾವಣಿ ಕುಸಿದು ಅವನ ಕುತ್ತಿಗೆಯ ಮೂಳೆ ಮುರಿಯಿತು. ಜೀವ ಉಳಿಯಿತು, ಕಾಲುಗಳಲ್ಲಿ ಅರ್ಧ ಬಲವಷ್ಟೇ ಉಳಿಯಿತು, ಕೈಬೆರಳು ಮಡಚಲು ಬರದಂತಾಯಿತು. ಗಣಿಯ ಕಂಪನಿ ದಿವಾಳಿ ಎದ್ದು ಹೋಯಿತು. ಮೆಡಿಕಲ್ ಕಾರ್ಡೊಂದು ಕೈಹಿಡಿದು, ಅದರ ಲೆಕ್ಕದಲ್ಲಿ ಓಪಲ್ ಎಂಬ ಹೆಂಗಸು ವಾರಕ್ಕೆ ಮೂವತ್ತು ಗಂಟೆ ಮನೆಗೆ ಬಂದು ಅವನನ್ನು ಎತ್ತಿ, ತೊಳೆದು, ಉಣ್ಣಿಸಿ ಹೋಗುತ್ತಿದ್ದಳು. ಟ್ರೀವಾ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುತ್ತಿದ್ದಳು.

ಈಗ ಕಾಗದದಲ್ಲಿ ಬರೆದಿತ್ತು: ಮೂವತ್ತಲ್ಲ, ಎಂಟು.

‘ಹತ್ತು ದಿನದೊಳಗೆ ಬಂದಿದ್ರೆ ತೀರ್ಪು ಬರೋವರೆಗೂ ಹಳೇ ಗಂಟೆಗಳೇ ನಡೀತಿದ್ವು ಟ್ರೀವಕ್ಕ. ಇವತ್ತಿಗೆ ಇಪ್ಪತ್ತೆರಡು ದಿನ ಆಯ್ತು. ಎಲ್ಲಿದ್ರಿ ಇಷ್ಟು ದಿನ?’

‘ಸರ್ಕಾರದ ಕಾಗದ ಅಲ್ವಾ ತಾಯಿ. ಅವ್ರು ಇಷ್ಟೇ ಅಂದ್ಮೇಲೆ ಇಷ್ಟೇ ಅಂತ ಸುಮ್ನಾದ್ವಿ. ಆರ್ವಿಲ್ ಬೇರೆ ಅಂದ, ನಮಗಿಂತ ಕಷ್ಟದಲ್ಲಿರೋರಿಗೆ ಬೇಕಾಗಿರ್ಬೇಕು, ಬಿಡು ಅಂತ.’

‘ಮತ್ತೆ ಈಗ ಬಂದಿದ್ದು?’

‘ಓಪಲ್ ಬೈದು ಕಳಿಸಿದ್ಲು.’

ಓಪಲ್ ಬದುಕಲಿ. ನಾನು ಫೋನು ಮಾಡಿ, ಗಂಟೆ ಕಡಿಮೆ ಮಾಡಿದ ವರದಿಯನ್ನು ತರಿಸಿಕೊಂಡೆ. ಸರ್ಕಾರ ತಾನೇ ಬಂದು ನೋಡುವುದಿಲ್ಲ, ಗುತ್ತಿಗೆಯ ಒಂದು ಕಂಪನಿಗೆ ಹೇಳಿ ನೋಡಿಸುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಕಂಪನಿಯ ಹುಡುಗಿಯೊಬ್ಬಳು ಜನವರಿಯಲ್ಲಿ ಅವರ ಮನೆಗೆ ಬಂದು, ಕೇಳಬೇಕಾದ್ದು ಕೇಳಿ, ಕಂಪ್ಯೂಟರಿನಲ್ಲಿ ತುಂಬಿಕೊಂಡು ಹೋಗಿದ್ದಳು. ಓದುತ್ತ ಓದುತ್ತ ನನಗೆ ಮೊದಲು ನಗು ಬಂತು, ಆಮೇಲೆ ಮೈಯುರಿಯಿತು.

‘ಅಡುಗೆ: ಸ್ವತಃ ಮಾಡುತ್ತಾರೆ. ಭೇಟಿಯ ದಿನ ಕೇಕ್ ತಯಾರಿಸಿದ್ದರು.’

‘ನಡಿಗೆ: ತೊಂದರೆಯಿಲ್ಲ. ಎದ್ದು ನಿಂತು ಸ್ವಾಗತಿಸಿದರು. ಶನಿವಾರಗಳಂದು ನೃತ್ಯಕ್ಕೆ ಹೋಗುವುದಾಗಿ ತಿಳಿಸಿದ್ದಾರೆ.’

‘ಸ್ನಾನ ಮತ್ತು ಶೌಚ: ಮದುವೆಯಾದ ಯಾವ ಗಂಡಸಿಗೂ ಬೇಕಾಗುವಷ್ಟೇ ಸಹಾಯ ಸಾಕೆಂದು ತಿಳಿಸಿದ್ದಾರೆ.’

ನಮ್ಮ ಹಳೇ ಬ್ಯಾಪ್ಟಿಸ್ಟ್ ಸಭೆಯವರು ಕುಣಿಯುವುದಿರಲಿ, ಚರ್ಚಿನೊಳಗೆ ಒಂದು ಪಿಯಾನೋ ಕೂಡ ಬಿಟ್ಟುಕೊಳ್ಳದವರು. ಆರ್ವಿಲ್ ಡ್ಯಾನ್ಸಿಗೆ ಹೋಗುತ್ತಾನೆ ಅಂದರೆ ಕಣಿವೆಯಲ್ಲಿ ಹಸುಗಳೂ ನಗುತ್ತವೆ. ಆ ಹುಡುಗಿಗೆ ಇದು ಹೇಗೆ ಗೊತ್ತಾಗಬೇಕು?

‘ಇದೇನಿದು ಟ್ರೀವಕ್ಕ?’ ಅಂದೆ.

‘ಪಾಪ, ಆ ಮಗು ಹೆದರ್ಕೊಂಡಿತ್ತು ಲೋರೆನಾ. ನಮ್ಮ ರಸ್ತೆ ನೋಡಿ ಮುಖ ಬಿಳುಚ್ಕೊಂಡಿತ್ತು. ಆರ್ವಿಲ್ ನಗಿಸ್ದ, ಅಷ್ಟೆ. ಕೇಕ್ ನಾನೇ ಮಾಡಿದ್ದು, ನನ್ನ ಹೆಂಡ್ತಿಗೆ ಹೇಳ್ಬೇಡಮ್ಮ ಅಂದ. ಅವಳೂ ನಕ್ಕಳು. ಎರಡು ತುಂಡು ತಿಂದ್ಲು.’

‘ಎದ್ದು ನಿಂತ್ರಂತೆ?’

‘ವರಾಂಡದ ಕಂಬಕ್ಕೆ ಒರಗಿಸಿದ್ವಿ. ನಾನೊಂದು ಕಡೆ, ಪಕ್ಕದ್ಮನೆಯವ್ರು ಒಂದು ಕಡೆ. ಅವಳ ಕಾರು ತಿರುವಿನಲ್ಲಿ ಬರೋದು ನೋಡಿ ಕೈ ಬಿಟ್ವಿ. ಮನೆಗೆ ಬಂದ ಹೆಣ್ಣುಮಗಳ ಎದುರು ಕೂತೇ ಇರೋಕಾಗುತ್ತಾ ಅಂದ. ಗಡ್ಡ ಮಾಡಿಸಿದ್ದೆ, ಬೂಟು ಹಾಕಿಸಿದ್ದೆ.’

‘ಕಮೋಡು ಕುರ್ಚಿ?’

ಟ್ರೀವಾ ತಲೆ ತಗ್ಗಿಸಿದಳು. ‘ಶೆಡ್ಡಲ್ಲಿಟ್ಟಿದ್ದೆ. ಆಸ್ಪತ್ರೆ ಮಂಚದ ಮೇಲೆ ನಮ್ಮಮ್ಮ ಹೊಲಿದ ಕೌದಿ ಹೊದಿಸಿದ್ದೆ. ಅದನ್ನೆಲ್ಲ ನೋಡಿ ಅವಳು ಏನಂದ್ಕೊಂಡಾಳು ಅಂತ.’

ಅವಳು ಬಂದಿದ್ದೇ ಅದನ್ನೆಲ್ಲ ನೋಡಲು. ಅದನ್ನು ನೋಡಲೆಂದೇ ಸರ್ಕಾರ ಅವಳ ಕಂಪನಿಗೆ ದುಡ್ಡು ಕೊಡುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಟ್ರೀವಾಗೆ ಇದನ್ನೆಲ್ಲ ಹೇಳಲಿಲ್ಲ. ಮೇಲ್ಮನವಿಯ ಅರ್ಜಿಗೆ ಸಹಿ ಹಾಕಿಸಿಕೊಂಡೆ, ಅದಕ್ಕಿನ್ನೂ ಗಡುವಿತ್ತು. ವಿಚಾರಣೆ ಏಪ್ರಿಲ್‌ ಕೊನೆಗೆ ನಿಗದಿಯಾಯಿತು.

ಅದಕ್ಕೆ ಮೊದಲು ಆರ್ವಿಲ್‌ನ ಮನೆಗೆ ಹೋಗಬೇಕಿತ್ತು. ಹೇಳಿ ಹೋದರೆ ನನಗೂ ಕೇಕು ಕಾದಿರುತ್ತದೆ ಎಂದು ಹೇಳದೆ ಹೋದೆ. ಒಂದು ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ‘ಆರ್ವಿಲಣ್ಣ’ ಎಂದು ಕೂಗಿ ಒಳಗೆ ಕಾಲಿಟ್ಟೆ.

‘ಯಾರದು? ಸ್ವಲ್ಪ ಅಲ್ಲೇ ನಿಲ್ಲು,’ ಅಂದ ಒಳಗಿನಿಂದ.

ನಾನು ನಿಲ್ಲಲಿಲ್ಲ. ಕೆಲಸವೇ ಅಂಥದ್ದು. ಅವನು ಮಂಚದ ಮೇಲೆ ಒಂದು ಮಗ್ಗುಲಿಗೆ ಮಲಗಿದ್ದ, ಟ್ರೀವಾ ಆರೂವರೆಗೆ ಹೇಗೆ ಮಲಗಿಸಿ ಹೋಗಿದ್ದಳೋ ಹಾಗೇ. ತುಟಿ ಒಡೆದಿತ್ತು. ನಾಲಿಗೆ ಅಂಟುತ್ತಿತ್ತೆಂದು ಮಾತಿನಲ್ಲೇ ತಿಳಿಯುತ್ತಿತ್ತು. ತಲೆಯ ಪಕ್ಕ, ಕಿಟಕಿಯ ಕಟ್ಟೆಯ ಮೇಲೆ ನೀರಿನ ಜಗ್ಗು ಇತ್ತು. ಅದಕ್ಕೊಂದು ಉದ್ದನೆಯ ಹೀರುಕೊಳವೆ. ಜಗ್ಗು ತುಂಬಿತ್ತು.

‘ಬಾಯಾರಿಕೆ ಆಗಿಲ್ವಾ?’ ಎಂದು ಕೊಳವೆಯನ್ನು ಬಾಯಿಯ ಬಳಿ ತಂದೆ.

ಅವನು ಮುಖ ತಿರುಗಿಸಿದ. ‘ಹೊಬರ್ಟ್ ಮಗಳಲ್ವಾ ನೀನು? ಅಪ್ಪನ ಹಾಗೇ, ಕರೀದೆ ಒಳಗೆ ಬರೋದು. ಕೂತ್ಕೋ. ಜಗ್ಗು ಅಲ್ಲೇ ಇಡು.’

ಒಂದು ನಿಮಿಷ ಹಿಡಿಯಿತು ನನಗೆ ಅರ್ಥವಾಗಲು. ಓಪಲ್ ಈಗ ಬರುವುದು ಸೋಮವಾರ, ಗುರುವಾರ, ನಾಲ್ಕು ನಾಲ್ಕು ಗಂಟೆ. ಉಳಿದ ದಿನ ಬೆಳಿಗ್ಗೆ ಆರೂವರೆಯಿಂದ ಮಧ್ಯಾಹ್ನ ಮೂರರವರೆಗೆ ಮನೆಯಲ್ಲಿ ನರಪಿಳ್ಳೆ ಇಲ್ಲ.

‘ಆರ್ವಿಲಣ್ಣ, ನೀವು ನೀರು ಕುಡೀತಾನೇ ಇಲ್ಲ.’

‘ಕುಡಿದ್ರೆ ಹೋಗ್ಬೇಕಾಗುತ್ತೆ. ಹೋಗೋಕೆ ಆಗಲ್ಲ. ಕುಡೀದಿದ್ರೆ ಎರಡೂ ತಾಪತ್ರಯ ಇಲ್ಲ. ಒಂಟೆ ಹಂಗೆ ಇರೋದು ಕಲ್ತಿದ್ದೀನಿ,’ ಎಂದು ನಕ್ಕ.

ನಾನು ನಗಲಿಲ್ಲ. ‘ಟ್ರೀವಕ್ಕನಿಗೆ ಗೊತ್ತಾ?’

‘ಮೂರು ಗಂಟೆಗೆ ಮುಂಚೆ ಮೊಣಕೈಯಿಂದ ಬಗ್ಗಿಸಿ ಕಿಟಕಿ ಆಚೆ ಚೆಲ್ತೀನಿ. ಅಷ್ಟು ಬರುತ್ತೆ ನನಗೆ. ಅವಳು ಬಂದು ಖಾಲಿ ಜಗ್ಗು ನೋಡಿ, ಇವತ್ತು ಚೆನ್ನಾಗಿ ಕುಡಿದ್ಯಲ್ಲ ಅಂತಾಳೆ.’

‘ಕಿಡ್ನಿ ಹೋಗುತ್ತೆ.’

‘ಹೋಗ್ಲಿ. ಹೋಗಿರೋ ಸಾಮಾನಿನ ಜೊತೆ ಅದೂ ಒಂದು.’ ಆಮೇಲೆ ಅವನ ದನಿ ಬದಲಾಯಿತು. ‘ನೋಡು ಮಗಳೇ, ಅವಳಿಗೆ ಹೇಳ್ಬೇಡ. ಗೊತ್ತಾದ ದಿನವೇ ಕೆಲಸ ಬಿಟ್ಟು ಮನೇಲಿ ಕೂರ್ತಾಳೆ. ಇನ್ನೆರಡು ವರ್ಷ ಆ ಶಾಲೇಲಿ ಇದ್ರೆ ಅವಳಿಗೆ ಪಿಂಚಣಿ ಗಟ್ಟಿ ಆಗುತ್ತೆ, ವಿಮೆ ಇರುತ್ತೆ. ನಾನು ಹೋದ್ಮೇಲೆ ಅವಳಿಗೆ ಏನಾದ್ರೂ ಬೇಕಲ್ಲ. ನನ್ನಿಂದ ಅವಳಿಗೆ ಸಿಕ್ಕಿದ್ದೇನು, ಇಪ್ಪತ್ತೆಂಟು ವರ್ಷ ಕಲ್ಲಿದ್ದಲ ಬಟ್ಟೆ ಒಗೆದಿದ್ದು. ಹೇಳಲ್ಲ ಅಂತ ಮಾತು ಕೊಡು.’

ಕಕ್ಷಿದಾರ ಹೇಳಬೇಡ ಅಂದದ್ದನ್ನು ನಮ್ಮ ಕಚೇರಿಯವರು ಹೇಳುವಂತಿಲ್ಲ. ಅದು ಕಾನೂನು. ಕಾನೂನು ಇಲ್ಲದಿದ್ದರೂ ನಾನು ಮಾತು ಕೊಡುತ್ತಿದ್ದೆ, ಕೊಟ್ಟೆ. ‘ನಾನು ಹೇಳಲ್ಲ ಆರ್ವಿಲಣ್ಣ. ಆದ್ರೆ ವಿಚಾರಣೇಲಿ ನೀವು ಹೇಳ್ಬೇಕು. ಬೇರೇನೂ ಇಲ್ಲ ನಮ್ಮ ಕೈಯಲ್ಲಿ.’

‘ಅವಳ ಎದುರಿಗಾ? ಆಗಲ್ಲ.’

‘ಅವರನ್ನ ಆಚೆ ಕೂರಿಸ್ತೀನಿ.’

‘ನನ್ನ ಕೈ ಎತ್ತೋರು ಯಾರು, ಮೂಗು ಒರೆಸೋರು ಯಾರು? ಅವಳನ್ನ ಆಚೆ ಕಳಿಸಿದ್ರೆ ಅವಳಿಗೆ ಗೊತ್ತಾಗಲ್ವಾ, ಏನೋ ಮುಚ್ಚಿಡ್ತಿದ್ದೀನಿ ಅಂತ?’ ಅಂದವನು ಮತ್ತೆ ತಮಾಷೆಗೆ ಇಳಿದ. ‘ಡ್ಯಾನ್ಸ್ ಮಾಡಿ ತೋರಿಸ್ತೀನಿ ಬಿಡು, ಜಡ್ಜಿಗೆ ಕನಿಕರ ಬರುತ್ತೆ.’

ಅವನಿಗೆ ನಾಲ್ಕು ಗುಟುಕು ನೀರು ಕುಡಿಸಿ, ಶೌಚಕ್ಕೆ ಕೂರಿಸಲೇ ಅಂದೆ. ಬೇಡ ಅಂದ. ಹೊಬರ್ಟ್‌ನ ಮಗಳ ಕೈಯಲ್ಲಿ ಬೇಡ. ನಾಲ್ಕು ಗುಟುಕು ಕುಡಿಸಿ ಅವನಿಗೆ ಕೆಡುಕನ್ನೇ ಮಾಡಿದೆನೆಂದು ರಸ್ತೆಯಲ್ಲಿ ಹೊಳೆಯಿತು. ಕಾರು ನಿಲ್ಲಿಸಿ ಅತ್ತೆ. ಆಮೇಲೆ ಓಪಲ್‌ಗೆ ಫೋನು ಮಾಡಿ ಇದ್ದದ್ದನ್ನೇನೂ ಹೇಳದೆ, ‘ಆ ಕಡೆ ಹೋದ್ರೆ ಒಂದ್ಸಲ ಇಣುಕಿ’ ಅಂದೆ.

ವೈದ್ಯರ ಪತ್ರ ಕೇಳಿದೆ. ಹೊಸಬರು, ಆರ್ವಿಲ್‌ನನ್ನು ಒಮ್ಮೆ ಮಾತ್ರ ನೋಡಿದವರು. ‘ರೋಗಿಗೆ ಸಹಾಯ ಬೇಕಾಗಬಹುದು’ ಎಂದು ಒಂದೂವರೆ ಸಾಲು ಬರೆದುಕೊಟ್ಟರು. ಬೇಕಾಗಬಹುದು! ಕುತ್ತಿಗೆಯ ಮೂಳೆ ಮುರಿದವನಿಗೆ.

ವಿಚಾರಣೆ ನಡೆದದ್ದು ಜಿಲ್ಲಾ ಕಟ್ಟಡದ ನೆಲಮಾಳಿಗೆಯಲ್ಲಿ, ಮತಪೆಟ್ಟಿಗೆಗಳನ್ನು ಜೋಡಿಸಿಟ್ಟ ಕೋಣೆಯಲ್ಲಿ. ಓಪಲ್ ಚರ್ಚಿನ ವ್ಯಾನಿನಲ್ಲಿ ಆರ್ವಿಲ್‌ನನ್ನು ಕರೆತಂದು ಗಾಲಿಕುರ್ಚಿಯಲ್ಲಿ ಕೂರಿಸಿ ಹೊರಗೆ ಕಾದಳು. ಟ್ರೀವಾ ಕೆಲಸದಿಂದ ಎರಡು ಗಂಟೆ ಬಿಡುವು ಕೇಳಿ ತನ್ನ ಹಳೇ ಟ್ರಕ್ಕಿನಲ್ಲಿ ಬಂದಳು. ವಿಚಾರಣಾಧಿಕಾರಿ ಪೆಲ್‌ಫ್ರಿ ರಾಜಧಾನಿಯಿಂದ ಮೂರು ಗಂಟೆ ಕಾರು ಓಡಿಸಿ ಬಂದವರು, ಕೆಟ್ಟವರಲ್ಲ, ದಣಿದವರು. ಕಂಪನಿಯ ಪರವಾಗಿ ಒಬ್ಬಾಕೆ ಫೋನಿನಲ್ಲಿದ್ದಳು.

‘ಬಲಗೈ ಎತ್ತಿ,’ ಅಂದರು ಪೆಲ್‌ಫ್ರಿ. ಆರ್ವಿಲ್‌ನ ಕೈ ಎದೆಯವರೆಗೆ ಬಂದು ನಿಂತಿತು. ಟ್ರೀವಾ ಮೊಣಕೈ ಹಿಡಿದು ಮೇಲೆತ್ತಿದಳು. ಸತ್ಯವನ್ನೇ ಹೇಳುತ್ತೇನೆಂದು ಅವನು ಪ್ರಮಾಣ ಮಾಡಿದ.

ಪೆಲ್‌ಫ್ರಿ ವರದಿಯನ್ನು ಗಟ್ಟಿಯಾಗಿ ಓದಿದರು. ಕೇಕು, ಡ್ಯಾನ್ಸು, ಮದುವೆಯಾದ ಗಂಡಸು. ವರಾಂಡದಲ್ಲಿ ನಗು ತಂದ ಮಾತುಗಳು ಆ ಕೋಣೆಯಲ್ಲಿ ಒಂದೊಂದಾಗಿ ಸತ್ತು ಬಿದ್ದವು.

‘ಇವನ್ನ ನೀವು ಹೇಳಿದ್ದು ಹೌದಾ ಸ್ಟಿಡಮ್ ಅವರೇ?’

‘ಹೇಳಿದ್ದೆ ಸ್ವಾಮಿ.’

‘ತಮಾಷೆಗೆ ಅಂತ ನಿಮ್ಮ ಪರವಾಗಿ ಬಂದಿರೋರು ಬರೆದಿದ್ದಾರೆ.’

‘ತಮಾಷೆಗೇ. ಆದ್ರೆ ಹೇಳಿದ್ದು ಹೇಳಿದ್ದೇ. ಆ ಹುಡುಗಿ ಸುಳ್ಳು ಬರೆದಿಲ್ಲ. ಅವಳ ಮೇಲೇನೂ ತಪ್ಪು ಹೊರಿಸ್ಬೇಡಿ.’

‘ಈಗ ಎಂಟು ಗಂಟೆ ಸಹಾಯದಲ್ಲಿ ಹೇಗೆ ನಡೀತಿದೆ?’

ಆರ್ವಿಲ್ ಟ್ರೀವಾಳ ಕಡೆ ನೋಡಲಿಲ್ಲ. ‘ನಡೀತಾ ಇದೆ ಸ್ವಾಮಿ.’

ಟ್ರೀವಾ ತನಗೆ ತಿಳಿದದ್ದನ್ನು ಹೇಳಿದಳು. ‘ಕಷ್ಟ ಆಗುತ್ತೆ, ಆದ್ರೆ ನಿಭಾಯಿಸ್ತಾನೆ. ಊಟ ಕಟ್ಟಿಟ್ಟು ಹೋಗ್ತೀನಿ. ನೀರೆಲ್ಲ ಕುಡಿದಿರ್ತಾನೆ. ಬರೋ ಹೊತ್ತಿಗೆ ಜಗ್ಗು ಖಾಲಿ ಇರುತ್ತೆ.’ ಒಳ್ಳೆಯದು ಮಾಡಲು ಹೋಗಿ ಅವಳೇ ಗಂಡನ ಕೇಸಿನ ಮೇಲೆ ಮಣ್ಣು ಹಾಕಿದಳು. ಪೆಲ್‌ಫ್ರಿ ‘ನೀರು ತಾವೇ ಕುಡಿಯುತ್ತಾರೆ’ ಎಂದು ಬರೆದುಕೊಳ್ಳುವುದು ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಫೋನಿನಲ್ಲಿದ್ದಾಕೆ ‘ನಮ್ಮದೇನೂ ಪ್ರಶ್ನೆಯಿಲ್ಲ’ ಅಂದಳು. ಕೇಳುವುದಾದರೂ ಏನಿತ್ತು ಅವಳಿಗೆ?

‘ನಿಮ್ಮದು ಇನ್ನೇನಾದ್ರೂ ಇದೆಯಾ?’ ಎಂದು ಪೆಲ್‌ಫ್ರಿ ನನ್ನ ಕಡೆ ತಿರುಗಿ ಪೆನ್ನಿನ ಮುಚ್ಚಳ ಕೈಗೆತ್ತಿಕೊಂಡರು.

ನನಗೆ ಒಂದು ಸಂಗತಿ ಗೊತ್ತಿತ್ತು. ಆರ್ವಿಲ್ ಬರುವವರನ್ನು ನಗಿಸಲು ನೂರು ಹೇಳುತ್ತಾನೆ, ಪ್ರಮಾಣ ಮಾಡಿದ ಮೇಲೆ ನೇರವಾಗಿ ಕೇಳಿದರೆ ಸುಳ್ಳಾಡುವುದಿಲ್ಲ. ನಾನು ಹೇಳಲ್ಲ ಎಂದು ಮಾತು ಕೊಟ್ಟಿದ್ದೆ. ಕೇಳಲ್ಲ ಎಂದು ಕೊಟ್ಟಿರಲಿಲ್ಲ. ಈ ಜಾಣತನಕ್ಕೆ ಆಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯ.

‘ಆರ್ವಿಲಣ್ಣ,’ ಅಂದೆ, ‘ಇವತ್ತು ಬೆಳಿಗ್ಗೆ ಎದ್ದಾಗಿನಿಂದ ಎಷ್ಟು ನೀರು ಕುಡಿದ್ರಿ?’

ಅವನು ನನ್ನನ್ನೇ ನೋಡಿದ. ಬೇಡ ಅಂತ ಆ ಕಣ್ಣು ಹೇಳುತ್ತಿತ್ತು, ನನಗದು ಸ್ಪಷ್ಟವಾಗಿ ತಿಳಿಯಿತು.

‘ಕುಡಿದಿಲ್ಲ.’

‘ನಿನ್ನೆ ಹಗಲು? ಸೋಮವಾರ ಬಿಟ್ಟು, ಗುರುವಾರ ಬಿಟ್ಟು, ಹೋದ ವಾರ ಹಗಲು ಹೊತ್ತು?’

‘ಇಲ್ಲ.’

‘ಯಾಕೆ?’

ಪೆಲ್‌ಫ್ರಿ ಮುಚ್ಚಳ ಕೆಳಗಿಟ್ಟರು.

‘ಹೋಗೋಕೆ ಆಗಲ್ಲ, ಅದಕ್ಕೆ,’ ಅಂದ ಆರ್ವಿಲ್. ‘ಮೊದಲ ವಾರ ಎರಡು ಸಲ ಹಾಸಿಗೇಲೇ ಆಯ್ತು. ಓಪಲ್ ಬರೋವರೆಗೂ ಅದರಲ್ಲೇ ಬಿದ್ದಿದ್ದೆ. ಹೇಳ್ಬೇಡ ಅಂತ ಓಪಲ್ ಕೈಲಿ ಆಣೆ ಹಾಕಿಸ್ಕೊಂಡೆ. ಆಮೇಲೆ ಕುಡಿಯೋದು ಬಿಟ್ಟೆ.’

‘ಮತ್ತೆ ಜಗ್ಗು?’ ಅಂದೆ.

‘ಚೆಲ್ತೀನಿ.’

ಟ್ರೀವಾ ಅಳಲಿಲ್ಲ. ಗಂಡನ ಅಂಗಿಯ ಕೊರಳಪಟ್ಟಿಯನ್ನು ಸರಿ ಮಾಡಿದಳು, ಸರಿಯಾಗೇ ಇತ್ತು. ‘ಖಾಲಿ ಇರ್ತಿತ್ತಲ್ಲ ಆರ್ವಿಲ್,’ ಅಂದಳು. ‘ದಿನಾ ಖಾಲಿ ಇರ್ತಿತ್ತಲ್ಲ. ನಾನು ಚರ್ಚಲ್ಲೂ ಹೇಳಿದ್ದೆ, ಅವನು ಚೆನ್ನಾಗಿ ನೀರು ಕುಡೀತಾನೆ ಅಂತ.’

ಪೆಲ್‌ಫ್ರಿ ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಬರೆದರು. ಆ ಬರವಣಿಗೆ ನೋಡಿಯೇ ನನಗೆ ತಿಳಿಯಿತು, ಗೆದ್ದೆವು ಅಂತ.

ಹೊರಗೆ ಓಪಲ್ ಆರ್ವಿಲ್‌ನನ್ನು ವ್ಯಾನಿಗೆ ಹತ್ತಿಸಿದಳು. ನಾನು ಬಳಿಗೆ ಹೋಗಿ ‘ಒಳ್ಳೇದಾಗುತ್ತೆ ಆರ್ವಿಲಣ್ಣ’ ಅಂದೆ. ಅವನು ಮುಖ ಆಚೆ ತಿರುಗಿಸಿದ. ಟ್ರೀವಾ ಟ್ರಕ್ಕು ಹತ್ತಿ ಎಡಕ್ಕೆ ತಿರುಗಿಸಿದಳು, ಶಾಲೆಯ ಕಡೆ. ಮಧ್ಯಾಹ್ನದ ಊಟ ಬಡಿಸಲು ಹೋಗುತ್ತಿದ್ದಾಳೆಂದುಕೊಂಡೆ. ಓಡಿಹೋಗಿ ನಿಲ್ಲಿಸಿ ಎರಡು ಮಾತು ಹೇಳಬಹುದಿತ್ತು. ಕೆಲಸ ಬಿಡಬೇಡಿ, ತೀರ್ಪು ಬರುವವರೆಗೆ ಏನೂ ಮಾಡಬೇಡಿ ಅಂತ. ಅವಳು ಕೆಲಸ ಬಿಡುತ್ತಾಳೆಂದು ಆರ್ವಿಲ್ ನನಗೆ ಬಾಯಿಬಿಟ್ಟು ಹೇಳಿದ್ದ. ನನ್ನ ತಲೆಯೊಳಗೆ ಗೆದ್ದ ಖುಷಿ ಅದಕ್ಕೆ ಜಾಗ ಬಿಟ್ಟಿರಲಿಲ್ಲ.

ತೀರ್ಪು ಮೂರು ವಾರಕ್ಕೆ ಬಂತು. ಕಂಪನಿಯ ವರದಿ ನಂಬಲರ್ಹವಲ್ಲ, ಹೊಸದಾಗಿ ಪರೀಕ್ಷೆ ಮಾಡಿ, ಈಗಿನ ಸ್ಥಿತಿಗೆ ತಕ್ಕಂತೆ ಗಂಟೆ ನಿಗದಿ ಮಾಡಿ ಎಂದು ಪೆಲ್‌ಫ್ರಿ ಬರೆದಿದ್ದರು. ನಮ್ಮ ವಕೀಲರಲ್ಲಿ ಹಿರಿಯರು ನನ್ನ ಭುಜ ತಟ್ಟಿದರು. ನಾನು ಟ್ರೀವಾಗೆ ಪತ್ರ ಬರೆದೆ: ಈ ಸಲ ಮನೆ ಗುಡಿಸಬೇಡಿ. ಕೇಕು ಬೇಡ. ಕಮೋಡು ಕುರ್ಚಿ ಅದರ ಜಾಗದಲ್ಲೇ ಇರಲಿ. ಆರ್ವಿಲಣ್ಣ ನಗಿಸುವುದು ಬೇಡ.

ಪರೀಕ್ಷೆಯ ದಿನ ಬುಧವಾರ. ಶಾಲೆಗೆ ಬೇಸಿಗೆ ರಜೆ ಇನ್ನೂ ಬಂದಿರಲಿಲ್ಲ. ನಾನು ಅರ್ಧ ಗಂಟೆ ಮೊದಲೇ ಹೋದೆ. ಹೇಳಿದಂತೆಯೇ ಮಾಡಿದ್ದರು. ಸಿಂಕಿನಲ್ಲಿ ಪಾತ್ರೆ, ಕುರ್ಚಿಯ ಮೇಲೆ ಒದ್ದೆ ಹೊದಿಕೆ, ಕಮೋಡು ಎದುರಿಗೇ. ಆ ಮನೆಯನ್ನು ಹಾಗೆ ಬಿಡಲು ಅವರಿಗೆಷ್ಟು ಕಷ್ಟವಾಯಿತೋ. ಟ್ರೀವಾ ಬಚ್ಚಲಿನಿಂದ ಬಂದಳು, ಕೈಯಲ್ಲಿ ಬಕೆಟ್ಟು.

‘ಇವತ್ತು ರಜೆ ಹಾಕಿದ್ರಾ ಟ್ರೀವಕ್ಕ?’

‘ರಜೆ ಯಾಕೆ? ಕೆಲಸ ಬಿಟ್ಟೆ. ಅವತ್ತೇ, ವಿಚಾರಣೆಯಿಂದ ನೆಟ್ಟಗೆ ಹೋಗಿ ಹೇಳಿ ಬಂದೆ. ನನ್ನ ಜಾಗಕ್ಕೆ ಬೇರೆಯವ್ರನ್ನ ತಗೊಂಡೂ ಆಯ್ತು.’

ನೋಡಿಕೊಳ್ಳುವವರು ಮನೆಯಲ್ಲೇ ಇದ್ದರೆ ಸರ್ಕಾರ ಗಂಟೆ ಕತ್ತರಿಸುತ್ತದೆ. ಕಿಟಕಿಯಲ್ಲಿ ಕಂಪನಿಯ ಕಾರು ತೊರೆ ದಾಟುವುದು ಕಾಣುತ್ತಿತ್ತು.

‘ಟ್ರೀವಕ್ಕ, ಬೇರೆ ಕೆಲಸ ಹುಡುಕ್ತಿದ್ದೀನಿ ಅಂತ ಹೇಳಿ. ಹಗಲು ಹೊರಗಿರ್ತೀನಿ ಅಂತ ಹೇಳಿ.’

‘ಇಲ್ಲವಲ್ಲ ತಾಯಿ. ಎಲ್ಲಿಗೆ ಹೋಗ್ಲಿ ನಾನು ಇವನನ್ನ ಬಿಟ್ಟು? ಅವನು ಅಷ್ಟು ಜನರ ಮುಂದೆ ನಿಜ ಹೇಳ್ದ. ಈಗ ನಾನು ಸುಳ್ಳು ಹೇಳ್ಲಾ?’

ಬಂದದ್ದು ಅದೇ ಹುಡುಗಿ. ಆರ್ವಿಲ್‌ನನ್ನು ನೋಡಿ ನಗಲು ಹೋದಳು, ಅವನು ನಗಲಿಲ್ಲ. ಕೇಳಿದ್ದಕ್ಕೆಲ್ಲ ಒಂದೇ ಉತ್ತರ. ಏಳೋಕಾಗುತ್ತಾ? ಆಗಲ್ಲ. ಗುಂಡಿ ಹಾಕ್ಕೊಳ್ಳೋಕೆ? ಆಗಲ್ಲ. ಒರೆಸ್ಕೊಳ್ಳೋಕೆ? ಆಗಲ್ಲ. ಹುಡುಗಿಯ ಕಣ್ಣಲ್ಲಿ ನೀರು ಬಂತು. ಒಳ್ಳೆಯ ಮಗು, ಎಲ್ಲವನ್ನೂ ಸರಿಯಾಗಿ ಬರೆದುಕೊಂಡಳು. ಕೊನೆಯ ಪುಟದಲ್ಲಿ ಆ ಪ್ರಶ್ನೆ ಇತ್ತು, ಇರುತ್ತದೆಂದು ನನಗೆ ಗೊತ್ತೇ ಇತ್ತು.

‘ಹಗಲು ಹೊತ್ತು ಮನೇಲಿ ಇವರನ್ನ ನೋಡ್ಕೊಳ್ಳೋಕೆ ಆಗೋಂಥ ದೊಡ್ಡವರು ಯಾರಾದ್ರೂ ಇರ್ತಾರಾ?’

‘ನಾನಿರ್ತೀನಿ,’ ಅಂದಳು ಟ್ರೀವಾ.

‘ಅವರಿಗೆ ಬೆನ್ನು ನೋವಿದೆ, ಐವತ್ತಮೂರು ವರ್ಷ, ಒಬ್ಬರೇ ಎತ್ತೋಕಾಗಲ್ಲ ಅಂತ ಬರ್ಕೊಳ್ಳಿ,’ ಎಂದು ನಾನು ಬಾಯಿ ಹಾಕಿದೆ.

‘ಎತ್ತುತ್ತಾ ಇದ್ದೀನಲ್ಲ,’ ಅಂದಳು ಟ್ರೀವಾ, ನನಗೇ ಸಮಾಧಾನ ಹೇಳುವಂತೆ.

ಜೂನ್ ಹತ್ತಕ್ಕೆ ಕಾಗದ ಬಂತು. ರೋಗಿಗೆ ಸಂಪೂರ್ಣ ಸಹಾಯ ಅಗತ್ಯ. ಸಹಾಯ ಮಾಡಬಲ್ಲ ಪತ್ನಿ ದಿನವಿಡೀ ಮನೆಯಲ್ಲಿದ್ದಾರೆ. ವಾರಕ್ಕೆ ಆರು ಗಂಟೆ.

ನಾನೇ ತೆಗೆದುಕೊಂಡು ಹೋದೆ. ಮೇಲ್ಮನವಿ ಹಾಕಬಹುದು, ಹತ್ತು ದಿನದೊಳಗೆ ಹಾಕೋಣ ಅಂದೆ. ಆರ್ವಿಲ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ‘ಅವನು ಮತ್ತೆ ಪ್ರಮಾಣಕ್ಕೆ ಕೈ ಎತ್ತಲ್ಲ ಅಂತಾನೆ ಲೋರೆನಾ,’ ಅಂದಳು ಟ್ರೀವಾ. ‘ನಾನೂ ಒತ್ತಾಯ ಮಾಡಲ್ಲ. ನಡೀತಾ ಇದೆ ಬಿಡು.’ ಅವಳು ಎಡಗಡೆಗೆ ವಾಲಿ ನಡೆಯುತ್ತಿದ್ದಳು. ಕೂರುವಾಗ ಮೇಜು ಹಿಡಿದು ಕೂತಳು.

‘ರಕ್ತದೊತ್ತಡದ ಮಾತ್ರೆ ತಗೋತಿದ್ದೀರಾ?’

‘ಮುಗಿದು ಎರಡು ವಾರ ಆಯ್ತು. ಶಾಲೆ ವಿಮೆ ಹೋಯ್ತಲ್ಲ.’

ನನ್ನ ಕೈಚೀಲದಲ್ಲಿ ಮೆಡಿಕಲ್ ಕಾರ್ಡಿನ ಖಾಲಿ ಅರ್ಜಿಗಳು ಯಾವಾಗಲೂ ಇರುತ್ತವೆ. ಒಂದನ್ನು ತೆಗೆದು ಅವರ ಊಟದ ಮೇಜಿನ ಮೇಲೆ ಹರಡಿ, ಟ್ರೀವಾ ಸ್ಟಿಡಮ್ ಎಂದು ಮೇಲೆ ಬರೆದೆ. ಹುಟ್ಟಿದ ದಿನ, ವಿಳಾಸ, ಮನೆಯಲ್ಲಿ ಎಷ್ಟು ಜನ. ಅವಳು ಹೇಳುತ್ತ ಹೋದಳು, ನಾನು ತುಂಬುತ್ತ ಹೋದೆ. ಎರಡನೆಯ ಪುಟದಲ್ಲಿ ಕೆಲಸದ ಪ್ರಶ್ನೆಗಳು.

‘ಕೆಲಸ ಬಿಟ್ಟ ಕಾರಣ?’ ಎಂದು ಓದಿದೆ.

ಟ್ರೀವಾ ಯೋಚಿಸಿದಳು. ‘ಏನಂತ ಬರೀತಾರೆ ಅದಕ್ಕೆ?’

ಮಂಚದಿಂದ ಆರ್ವಿಲ್‌ನ ದನಿ ಬಂತು. ವಿಚಾರಣೆಯ ದಿನದಿಂದ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಸಿಟ್ಟಿನಿಂದ ಹೇಳಿದ್ದಲ್ಲ, ಗೋಡೆಯ ಕಡೆ ಮುಖ ಮಾಡಿಯೇ, ಸಣ್ಣಗೆ ಹೇಳಿದ.

‘ನಿನ್ನ ಹೆಸರು ಬರಿ ಲೋರೆನಾ.’

ಟ್ರೀವಾ ‘ಸುಮ್ನಿರು ಆರ್ವಿಲ್’ ಅಂದಳು. ನಾನು ‘ಗಂಡನ ಆರೈಕೆ’ ಎಂದು ಬರೆದು, ಸಹಿ ಎಲ್ಲಿ ಹಾಕಬೇಕೆಂದು ಅವಳಿಗೆ ತೋರಿಸಿದೆ.